ಬೆಳಕಿನ ಕೀಲಿಮಣೆ ಕೊಳ್ಳುವಾಗ ಕೀಕ್ಯಾಪ್‌ಗೆ ಎಷ್ಟು ಬೆಲೆ ಕಟ್ಟಬೇಕು? ‘ಪಿಬಿಟಿ’ ಪ್ಲಾಸ್ಟಿಕ್ ಎಂದು ಬರೆದಿದ್ದರೆ ಸಾಕೇ?

ರಾತ್ರಿಪಾಳಿ

ನನ್ನ ಕೆಲಸ ಬಹುಪಾಲು ರಾತ್ರಿ, ದೀಪ ಆರಿಸಿದ ಕೋಣೆಯಲ್ಲಿ. ಹಾಗಾಗಿ ಅಕ್ಷರದ ಒಳಗಿಂದಲೇ ಬೆಳಕು ಬರುವ ಮೆಕ್ಯಾನಿಕಲ್ ಕೀಲಿಮಣೆ ಬೇಕು. ಈಗಿರುವುದರ ಕೀಲಿಗಳ ಅಡಿಯ ಸ್ವಿಚ್‌ಗಳು ಗಟ್ಟಿಮುಟ್ಟಾಗಿವೆ, ಅವುಗಳ ಮೇಲೆ ಬೆರಳು ತಾಗುವ ಕ್ಯಾಪ್‌ಗಳು ಮಾತ್ರ ಕೈಕೊಟ್ಟಿವೆ. ಎ, ಇ, ಎಸ್ ಕೀಲಿಗಳ ಕಪ್ಪು ಬಣ್ಣ ಸವೆದು ಅಕ್ಷರ ಎಲ್ಲಿ ಮುಗಿಯಿತು, ಕಲೆ ಎಲ್ಲಿ ಶುರುವಾಯಿತು ಎಂದು ತಿಳಿಯುವುದಿಲ್ಲ. ಎಡ ಶಿಫ್ಟ್‌ನಲ್ಲಿ ಹೆಬ್ಬೆರಳಿನ ಉಗುರಿನಷ್ಟು ಅಗಲಕ್ಕೆ ಬೆಳಕು ಸೋರುತ್ತಿದೆ.

ಕಣ್ಣೆದುರು ಮೂರು ಆಯ್ಕೆಗಳಿವೆ. ಮೊದಲನೆಯದು ಹೆಸರುವಾಸಿ ಕಂಪನಿಯದು, ಬೆಳಕು ಝಗಮಗಿಸುತ್ತದೆ, ಕ್ಯಾಪ್ ಯಾವುದರಿಂದ ಮಾಡಿದ್ದೆಂದು ಎಲ್ಲಿಯೂ ಹೇಳಿಲ್ಲ. ಎರಡನೆಯದರ ತಯಾರಕರ ಹೆಸರನ್ನು ನಾನು ಕೇಳಿರಲಿಲ್ಲ, ಆದರೆ ಪೆಟ್ಟಿಗೆಯ ಮೇಲೆ ‘ಡಬಲ್‌ಶಾಟ್ ಪಿಬಿಟಿ’ ಎಂದು ದಪ್ಪ ಅಕ್ಷರಗಳಲ್ಲಿದೆ, ಬೆಲೆಯೂ ಮೊದಲನೆಯದಕ್ಕಿಂತ ಕಡಿಮೆ. ಮೂರನೆಯದರಲ್ಲಿ ಕ್ಯಾಪ್‌ಗಳು ತುಂಬಾ ಚೆನ್ನಾಗಿವೆ ಎನ್ನುತ್ತಾರೆ, ಆದರೆ ಬೆಳಕು ಕೀಲಿಗಳ ನಡುವಿನ ಸಂದಿಯಲ್ಲಿ ಮಾತ್ರ ಬರುತ್ತದೆ, ಅಕ್ಷರ ಬೆಳಗುವುದಿಲ್ಲ.

ಕ್ಯಾಪ್‌ಗೆ ಬಳಸುವ ಪ್ಲಾಸ್ಟಿಕ್‌ಗಳಲ್ಲಿ ಪಿಬಿಟಿ ಎಂದರೆ ಉತ್ತಮ, ಎಬಿಎಸ್ ಎಂದರೆ ಕಳಪೆ ಎಂದು ಎಲ್ಲರೂ ಹೇಳುವುದನ್ನು ಕೇಳಿದ್ದೇನೆ. ವಿಷಯ ಅಷ್ಟು ಸರಳವೇ?

ಕೀಲಿಕೈ

ಅಲ್ಲ. ಪ್ಲಾಸ್ಟಿಕ್ಕಿನ ಹೆಸರು ಕೇಳುವ ಮೊದಲು ಅಕ್ಷರವನ್ನು ಹೇಗೆ ಮೂಡಿಸಿದ್ದಾರೆ ಎಂದು ಕೇಳಿ. ನಿಮ್ಮ ಹಳೆಯ ಕೀಲಿಮಣೆಯಲ್ಲಿ ಹಾಳಾಗಿರುವುದು ಪ್ಲಾಸ್ಟಿಕ್ ಅಲ್ಲ, ಅದರ ಮೇಲಿನ ಬಣ್ಣ. ಹಾಲಿನಂಥ ಅರೆಪಾರದರ್ಶಕ ಎಬಿಎಸ್‌ನಲ್ಲಿ ಇಡೀ ಕ್ಯಾಪ್ ಎರೆದು, ಅದಕ್ಕೆ ಕಪ್ಪು ಬಣ್ಣ ಹೊಡೆದು, ಅಕ್ಷರದ ಆಕಾರದಲ್ಲಿ ಆ ಬಣ್ಣವನ್ನು ಲೇಸರ್‌ನಿಂದ ಸುಟ್ಟು ತೆಗೆದಿರುತ್ತಾರೆ. ಕೆಳಗೆ ಇಡೀ ಕ್ಯಾಪ್ ಬೆಳಕು ಹಾಯಿಸುವಂಥದ್ದೇ ಆದ್ದರಿಂದ ಬಣ್ಣ ಎಲ್ಲಿ ಸವೆದರೂ ಅಲ್ಲಿ ಬೆಳಕು ಸೋರುತ್ತದೆ. ನಿಮ್ಮ ಮೊದಲ ಆಯ್ಕೆ ‘ಝಗಮಗಿಸುತ್ತದೆ’ ಎಂದಿರಲ್ಲ, ಅದೂ ಇದೇ ಜಾತಿಯದ್ದು ಎಂದು ನನ್ನ ಅನುಮಾನ. ಈ ವಿಧಾನದಲ್ಲಿ ಅಕ್ಷರ ಬೆಳಗುವಷ್ಟು ಬೇರೆಯವುಗಳಲ್ಲಿ ಬೆಳಗುವುದು ಅಪರೂಪ. ಅಂಗಡಿಯಲ್ಲಿ ನೋಡಿದಾಗ ಅದೇ ಗೆಲ್ಲುತ್ತದೆ, ಮೇಜಿನ ಮೇಲೆ ಹಳತಾದಾಗ ಸೋಲುತ್ತದೆ.

ಆಮೇಲೆ ನೋಡಬೇಕಾದದ್ದು ಎಲ್‌ಇಡಿ ಸ್ವಿಚ್ಚಿನ ಯಾವ ಬದಿಯಲ್ಲಿದೆ, ಕೀಲಿಗಳ ಅಳತೆ ಎಲ್ಲ ಕಡೆ ಸಿಗುವ ಸಾಮಾನ್ಯ ಅಳತೆಯೇ ಎಂಬುದು. ಇವೆರಡನ್ನೂ ಕೊಂಡ ಮೇಲೆ ಬದಲಾಯಿಸಲಾಗದು. ಕ್ಯಾಪ್‌ಗಳನ್ನು ಕಿತ್ತು ಬೇರೆ ಹಾಕಬಹುದು. ನನ್ನ ವಾದ ಇಷ್ಟೇ: ಬದಲಾಯಿಸಲಾಗದ್ದಕ್ಕೆ ಮೊದಲು ಹಣ ಕೊಡಿ.

ಅಚ್ಚುಮನೆ

ಪ್ಲಾಸ್ಟಿಕ್ ಎರಕದ ಕೆಲಸವೇ ನನ್ನ ಹೊಟ್ಟೆಪಾಡು, ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಎಬಿಎಸ್ ಅಚ್ಚಿನಿಂದ ಹೊರಬಂದು ತಣ್ಣಗಾದಾಗ ಶೇಕಡಾ ಅರ್ಧದಷ್ಟು ಕುಗ್ಗುತ್ತದೆ. ಪಿಬಿಟಿ ಶೇಕಡಾ 1.5ರಿಂದ 2ರವರೆಗೆ. ಸಾಮಾನ್ಯ ಸ್ಪೇಸ್‌ಬಾರ್‌ನ ಉದ್ದ ಸುಮಾರು 118 ಮಿ.ಮೀ. ಅಂದರೆ ಎಬಿಎಸ್‌ನದು ಅರ್ಧ ಮಿಲಿಮೀಟರ್‌ನಷ್ಟು ಕುಗ್ಗಿದರೆ ಪಿಬಿಟಿಯದು 2 ಮಿಲಿಮೀಟರ್‌ನಷ್ಟು ಕುಗ್ಗುತ್ತದೆ. ಅಷ್ಟು ದೊಡ್ಡ ಅಚ್ಚು ಮಾಡಿಟ್ಟರೆ ಆಯಿತಲ್ಲ ಎನ್ನಬಹುದು. ಮಾಡುತ್ತಾರೆ. ತೊಂದರೆ ಇರುವುದು ಕುಗ್ಗುವಿಕೆ ಎಲ್ಲ ಕಡೆ ಒಂದೇ ಸಮ ಆಗದಿರುವುದರಲ್ಲಿ. ದಪ್ಪ ಇರುವಲ್ಲಿ ನಿಧಾನ, ತೆಳು ಇರುವಲ್ಲಿ ಬೇಗ. ಪರಿಣಾಮ, ಸ್ಪೇಸ್‌ಬಾರ್ ಬಾಗುತ್ತದೆ. ಅಚ್ಚಿನಲ್ಲಿ ಹೆಚ್ಚು ಹೊತ್ತು ಹಿಡಿದಿಟ್ಟು ತಣ್ಣಗಾಗಿಸಿದರೆ ನೆಟ್ಟಗೆ ಬರುತ್ತದೆ, ಆದರೆ ಯಂತ್ರ ಗಂಟೆಗೆ ಎಷ್ಟು ತುಂಡು ಹೊರಹಾಕುತ್ತದೆ ಎಂಬುದರ ಮೇಲೆಯೇ ಕಾರ್ಖಾನೆಯ ಲೆಕ್ಕ ನಡೆಯುವುದು. ಅವಸರ ಮಾಡಿದವರ ಪಿಬಿಟಿಗಿಂತ ತಾಳ್ಮೆಯಿಂದ ಮಾಡಿದವರ ಎಬಿಎಸ್ ಎಷ್ಟೋ ಮೇಲು.

ಇನ್ನು ಡಬಲ್‌ಶಾಟ್. ಇದರಲ್ಲಿ ಎರಡು ಬಾರಿ ಎರಕ ಹೊಯ್ಯುತ್ತಾರೆ. ಅಕ್ಷರವೇ ಒಂದು ಪ್ಲಾಸ್ಟಿಕ್, ಸುತ್ತಲಿನ ಕವಚ ಇನ್ನೊಂದು. ಬಣ್ಣ ಹೊಡೆದದ್ದಲ್ಲ, ಅಕ್ಷರ ಆಳದವರೆಗೂ ಇರುತ್ತದೆ, ಹಾಗಾಗಿ ಅಳಿಸಿಹೋಗುವ ಪ್ರಶ್ನೆಯೇ ಇಲ್ಲ. ಆದರೆ ಬೆಳಕು ಹಾಯುವ ಕ್ಯಾಪ್‌ನಲ್ಲಿ ಪೆಟ್ಟಿಗೆಯ ಮೇಲಿನ ‘ಪಿಬಿಟಿ’ ಎಂಬ ಮಾತು ಹೊರಗಿನ ಕವಚಕ್ಕಷ್ಟೇ ಅನ್ವಯಿಸುವುದು ಸಾಮಾನ್ಯ. ಪಿಬಿಟಿ ಗಾಜಿನ ಹಾಗೆ ತಿಳಿಯಾಗುವುದಿಲ್ಲ, ಅದರ ಒಳರಚನೆ ಅರ್ಧ ಹರಳುಗಟ್ಟಿದ್ದು. ಆದ್ದರಿಂದ ಬೆಳಕು ಹೋಗಬೇಕಾದ ಒಳಭಾಗಕ್ಕೆ ತಿಳಿಯಾದ ಎಬಿಎಸ್ ಅಥವಾ ಪಾಲಿಕಾರ್ಬೊನೇಟ್ ಹಾಕುತ್ತಾರೆ.

ಒಂದು ಕ್ಯಾಪ್ ಕಿತ್ತು ತಲೆಕೆಳಗು ಮಾಡಿ ನೋಡಿ. ಒಳಗೆಲ್ಲ ಬಿಳಿಯಾಗಿದ್ದು, ಸ್ವಿಚ್ಚಿಗೆ ಸಿಕ್ಕಿಸುವ ಕಾಂಡವೂ ಬಿಳಿಯಾಗಿದ್ದು, ಅಂಚಿನಲ್ಲಿ ಮಾತ್ರ ಕಪ್ಪು ಪಟ್ಟಿ ಕಂಡರೆ ನಿಮ್ಮ ಪಿಬಿಟಿ ಆ ಪಟ್ಟಿಯಷ್ಟೇ. ‘ಗೋಡೆಯ ದಪ್ಪ 1.5 ಮಿ.ಮೀ.’ ಎಂದು ಬರೆದಿದ್ದರೆ ಅದರಲ್ಲಿ ಎರಡೂ ಪ್ಲಾಸ್ಟಿಕ್ ಸೇರಿರುತ್ತವೆ. ಇದು ಮೋಸವೇನೂ ಅಲ್ಲ. ಬೆರಳು ತಾಗುವ ಕಡೆ ಪಿಬಿಟಿ, ಬೆಳಕು ಹಾಯುವ ಕಡೆ ಪಾಲಿಕಾರ್ಬೊನೇಟ್ ಇರುವುದು ಒಳ್ಳೆಯ ಜೋಡಿ. ಆದರೆ ಇಡೀ ಕ್ಯಾಪ್ ಪಿಬಿಟಿ ಎಂದುಕೊಂಡು ಹೆಚ್ಚು ಬೆಲೆ ಕೊಡಬೇಡಿ.

ಬೆರಳಚ್ಚುಗಾತಿ

ನಾನು ಕೀಲಿಮಣೆಯನ್ನು ನೋಡದೆ ಬರೆಯುವವಳು. ಹಾಗಾಗಿ ಒಂದು ಒರಟು ಪ್ರಶ್ನೆ: ಅಕ್ಷರ ಬೆಳಗಿ ಆಗಬೇಕಾದದ್ದೇನು? ಎಫ್ ಮತ್ತು ಜೆ ಮೇಲಿನ ಉಬ್ಬುಗೆರೆ ಬೆರಳಿಗೆ ಸಿಕ್ಕರೆ ಉಳಿದದ್ದು ತಾನಾಗಿ ಸಿಗುತ್ತದೆ.

ಇದನ್ನು ಹೇಳುವುದಕ್ಕೆ ಕಾರಣವಿದೆ. ಬೆಳಕು ಬೇಡ ಎಂದ ಕೂಡಲೇ ನಿಮ್ಮ ಹಣಕ್ಕೆ ಸಿಗುವ ಕ್ಯಾಪ್‌ನ ಗುಣಮಟ್ಟ ಒಮ್ಮೆಲೇ ಮೇಲೇರುತ್ತದೆ. ಡೈ ಸಬ್ಲಿಮೇಷನ್‌ನಲ್ಲಿ ಶಾಖದಿಂದ ಬಣ್ಣವನ್ನು ಆವಿಯಾಗಿಸಿ ಪ್ಲಾಸ್ಟಿಕ್ಕಿನೊಳಕ್ಕೇ ಇಳಿಸುತ್ತಾರೆ. ಆ ಶಾಖಕ್ಕೆ ಎಬಿಎಸ್ ತಾಳುವುದಿಲ್ಲ, ಪಿಬಿಟಿ ತಾಳುತ್ತದೆ, ಅದು ಕರಗುವುದೇ 220 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ಐಬಿಎಂ ಕಂಪನಿಯ 1985ರ ಮಾಡೆಲ್ ಎಂ ಕೀಲಿಮಣೆಗಳಿಗೆ ಈ ವಿಧಾನದ ಪಿಬಿಟಿ ಕ್ಯಾಪ್‌ಗಳೇ ಇದ್ದವು. ಅವುಗಳ ಅಕ್ಷರ ಇಂದಿಗೂ ಓದುವಂತೆಯೇ ಉಳಿದಿರುವುದನ್ನು ಬಳಸಿದ ಯಂತ್ರ ಕೊಳ್ಳುವವರು ಯಾರನ್ನು ಬೇಕಾದರೂ ಕೇಳಿ.

ರಾತ್ರಿಪಾಳಿ

ಬೆರಳಚ್ಚುಗಾತಿಯವರೇ, ಒಪ್ಪಿದೆ. ಅಕ್ಷರಗಳಿಗೆ ನನಗೂ ಬೆಳಕು ಬೇಡ. ಆದರೆ ಎಫ್7 ಯಾವುದು ಎಫ್8 ಯಾವುದು, ಧ್ವನಿ ಕಡಿಮೆ ಮಾಡುವ ಕೀಲಿ ಎಲ್ಲಿ, ಓರೆಗೀಟು (ಸ್ಲ್ಯಾಶ್) ಎಲ್ಲಿ, ಇವೆಲ್ಲ ಕತ್ತಲಲ್ಲಿ ಸಿಗುವುದಿಲ್ಲ. ಸಣ್ಣ ಕೀಲಿಮಣೆಯಲ್ಲಂತೂ ಅರ್ಧ ಕೆಲಸ ಎಫ್‌ಎನ್ ಒತ್ತಿ ಹಿಡಿದು ಮಾಡಬೇಕಾದದ್ದು. ದೀಪ ಹಾಕಿದರೆ ಪಕ್ಕದಲ್ಲಿ ಮಲಗಿದವರು ಏಳುತ್ತಾರೆ. ಹಾಗಾಗಿ ಬೆಳಕು ಬೇಕೇ ಬೇಕು ಎಂದಿಟ್ಟುಕೊಂಡು ಮುಂದುವರಿಯೋಣ.

ಅಚ್ಚುಮನೆಯವರು ಹೇಳಿದಂತೆ ಪರಿಚಿತರೊಬ್ಬರ ಬಳಿಯಿದ್ದ ಎರಡನೆಯ ಮಾದರಿಯ ಕ್ಯಾಪ್ ಕಿತ್ತು ನೋಡಿದೆ. ಒಳಗೆ ಬಿಳಿ, ಕಾಂಡವೂ ಬಿಳಿ. ಹೊರಕವಚ ಕಪ್ಪು, ಮುಟ್ಟಿದರೆ ತುಸು ತರಿತರಿ. ಆ ಕವಚವಾದರೂ ನಿಜವಾಗಿ ಪಿಬಿಟಿಯೇ ಎಂದು ಮನೆಯಲ್ಲಿ ತಿಳಿಯುವುದು ಹೇಗೆ?

ಅನುಮಾನಪಟ್ಟವ

ಉಪ್ಪುನೀರು. ಲೋಟದಲ್ಲಿ ನೀರು ಹಾಕಿ, ಇನ್ನು ಕರಗುವುದಿಲ್ಲ ಎನ್ನುವವರೆಗೆ ಉಪ್ಪು ಕಲಸಿ, ಕ್ಯಾಪ್ ಹಾಕಿ. ಎಬಿಎಸ್ ತೇಲುತ್ತದೆ, ಪಿಬಿಟಿ ಮುಳುಗುತ್ತದೆ. ಅನುಮಾನ ಉಳಿದರೆ ಒಳಭಾಗಕ್ಕೆ ಹತ್ತಿಯಲ್ಲಿ ಒಂದು ಹನಿ ಅಸಿಟೋನ್ ತಾಗಿಸಿ. ಎಬಿಎಸ್ ಅಂಟಂಟಾಗುತ್ತದೆ, ಪಿಬಿಟಿಗೆ ಏನೂ ಆಗುವುದಿಲ್ಲ. ಉಗುರಿನ ಬಣ್ಣ ತೆಗೆಯುವ ದ್ರಾವಣದಲ್ಲೂ ಅಸಿಟೋನ್ ಇರುತ್ತದೆ, ಆದರೆ ಅಸಿಟೋನ್ ಇಲ್ಲದವೂ ಬರುತ್ತವೆ, ಶೀಸೆಯ ಮೇಲೆ ಓದಿಕೊಳ್ಳಿ.

ಅಚ್ಚುಮನೆ

ಒಂದೇ ಪ್ಲಾಸ್ಟಿಕ್ಕಿನ ಕ್ಯಾಪ್‌ಗೆ ಇವೆರಡೂ ಸರಿಯಾದ ಪರೀಕ್ಷೆಗಳು. ಬೆಳಕಿನ ಡಬಲ್‌ಶಾಟ್‌ಗೆ ಎರಡೂ ದಾರಿ ತಪ್ಪಿಸುತ್ತವೆ.

ಎಬಿಎಸ್‌ನ ಸಾಂದ್ರತೆ ಸುಮಾರು 1.05, ಪಿಬಿಟಿಯದು 1.31ರ ಆಸುಪಾಸು, ಪಾಲಿಕಾರ್ಬೊನೇಟ್ 1.2, ಪೂರ್ತಿ ಉಪ್ಪು ಕರಗಿದ ನೀರೂ ಸುಮಾರು 1.2. ಈಗ ಅರ್ಧ ಪಿಬಿಟಿ, ಅರ್ಧ ಎಬಿಎಸ್ ಇರುವ ಕ್ಯಾಪ್ ತೆಗೆದುಕೊಳ್ಳಿ. ಸರಾಸರಿ 1.18. ತೇಲುತ್ತದೆ, ಅಥವಾ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದು ನಡುನೀರಿನಲ್ಲಿ ನಿಲ್ಲುತ್ತದೆ. ಹೊರಕವಚ ಅಪ್ಪಟ ಪಿಬಿಟಿಯೇ ಆಗಿದ್ದರೂ ನೀವು ‘ಮೋಸ’ ಎಂದು ಕೂಗುತ್ತೀರಿ. ಒಳಗೆ ಪಾಲಿಕಾರ್ಬೊನೇಟ್ ಇದ್ದರೆ ಮುಳುಗುತ್ತದೆ. ಇದರ ಮೇಲೆ, ಕ್ಯಾಪ್‌ನ ಟೊಳ್ಳಿನಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಯಾವುದಾದರೂ ತೇಲೀತು. ನೀರಿನೊಳಗೇ ಅಲುಗಾಡಿಸಿ ಗುಳ್ಳೆ ಬಿಡಿಸಬೇಕು.

ಅಸಿಟೋನ್‌ನದು ಇನ್ನೂ ಅಪಾಯ. ಒಳಭಾಗಕ್ಕೆ ಹಚ್ಚಿದರೆ ನೀವು ಪರೀಕ್ಷಿಸುತ್ತಿರುವುದು ಒಳಗಿನ ಬಿಳಿ ಪ್ಲಾಸ್ಟಿಕ್ಕನ್ನು, ಕವಚವನ್ನಲ್ಲ. ಪಾಲಿಕಾರ್ಬೊನೇಟ್ ಕೂಡ ಅಸಿಟೋನ್ ತಾಗಿದರೆ ಮಂಕಾಗಿ ಬಿರುಕು ಬಿಡುತ್ತದೆ. ಮಾಡಲೇಬೇಕೆಂದರೆ, ಎಂದೂ ಬಳಸದ ಒಂದು ಕೀಲಿಯನ್ನು ಆರಿಸಿ, ಹೊರಕವಚದ ಕೆಳ ಅಂಚಿಗೆ ಮಾತ್ರ ತಾಗಿಸಿ. ಬಣ್ಣ ಹೊಡೆದ ಕ್ಯಾಪ್‌ನ ಹತ್ತಿರಕ್ಕೂ ಅಸಿಟೋನ್ ತರಬೇಡಿ.

ನನ್ನನ್ನು ಕೇಳಿದರೆ ಪ್ಲಾಸ್ಟಿಕ್ ಯಾವುದೆಂಬ ಪತ್ತೇದಾರಿಕೆಗಿಂತ ಕಣ್ಣಿನಲ್ಲಿ ನೋಡುವುದು ಹೆಚ್ಚು ಹೇಳುತ್ತದೆ. ಎ, ಬಿ, ಓ, 8 ಈ ಅಕ್ಷರಗಳನ್ನು ಗಮನಿಸಿ. ಇವುಗಳ ಹೊಟ್ಟೆಯೊಳಗೆ ಸುತ್ತಲೂ ಮುಚ್ಚಿದ ಜಾಗ ಇದೆ. ಎರಕದಲ್ಲಿ ಆ ದ್ವೀಪಕ್ಕೆ ಕಪ್ಪು ಪ್ಲಾಸ್ಟಿಕ್ ಹೋಗಿ ತಲುಪಬೇಕಲ್ಲ? ಅಗ್ಗದ ಅಚ್ಚಿನಲ್ಲಿ ಅಕ್ಷರವನ್ನೇ ಒಂದೆರಡು ಕಡೆ ಕತ್ತರಿಸಿ ದಾರಿ ಮಾಡಿರುತ್ತಾರೆ, ಗೋಡೆಗೆ ತಗಡಿಟ್ಟು ಬಣ್ಣ ಎರಚಿ ಬರೆದ ಅಕ್ಷರದ ಹಾಗೆ ತುಂಡುತುಂಡಾಗಿ ಕಾಣುತ್ತದೆ. ಒಳ್ಳೆಯ ಅಚ್ಚಿನಲ್ಲಿ ಆ ದಾರಿ ಅಕ್ಷರದ ಅಡಿಯಲ್ಲಿ ಹೋಗುತ್ತದೆ, ಮೇಲೆ ನೋಡಿದರೆ ಅಕ್ಷರ ಅಖಂಡ. ಅಂಥ ಅಚ್ಚಿಗೆ ಖರ್ಚು ಹೆಚ್ಚು. ಅಷ್ಟು ಖರ್ಚು ಮಾಡಿದವರು ಪ್ಲಾಸ್ಟಿಕ್ಕಿನಲ್ಲಿ ಉಳಿಸಲು ಹೋಗುವುದು ಅಪರೂಪ.

ಅನುಮಾನಪಟ್ಟವ

ದ್ವೀಪದ ವಿಷಯ ತಿಳಿದಿರಲಿಲ್ಲ. ಈಗಷ್ಟೇ ನನ್ನ ಕೀಲಿಮಣೆಯ 8 ನೋಡಿದೆ. ಎರಡು ಹೊಟ್ಟೆಗಳ ಗೆರೆಯೂ ತುಂಡು. ಇನ್ನು ಪ್ರತಿದಿನ ಅದೇ ಕಣ್ಣಿಗೆ ಬೀಳುತ್ತದೆ, ಉಪಕಾರವಾಯಿತು.

ಬಣ್ಣದಬೆಳಕು

ಎಬಿಎಸ್ ಪರವಾಗಿ ಯಾರೂ ಮಾತಾಡದಿರುವುದು ನೋಡಿ ಬರೆಯುತ್ತಿದ್ದೇನೆ. ಹವ್ಯಾಸಿಗಳು ಸರದಿಯಲ್ಲಿ ಕಾದು ಕೊಳ್ಳುವ ಜರ್ಮನಿಯ ಜಿಎಂಕೆ ಕ್ಯಾಪ್‌ಗಳು ಯಾವುದರವು? ಎಬಿಎಸ್. ಸ್ವಿಚ್, ಕೀಲಿಮಣೆ ಮಾಡುವ ಚೆರ್ರಿ ಕಂಪನಿಯ ಹಳೆಯ ಡಬಲ್‌ಶಾಟ್ ಅಚ್ಚುಗಳು ಅವರ ಕೈಗೆ ಬಂದವು, ಅದರಲ್ಲೇ ಇಂದಿಗೂ ದಪ್ಪ ಎಬಿಎಸ್ ಎರೆಯುತ್ತಾರೆ. ಬಣ್ಣಗಳು ಎಬಿಎಸ್‌ನಲ್ಲಿ ಕೂರುವಷ್ಟು ಖಚಿತವಾಗಿ, ಗಾಢವಾಗಿ ಪಿಬಿಟಿಯಲ್ಲಿ ಕೂರಿಸುವುದು ಕಷ್ಟ. ಅಂಚುಗಳೂ ಚೂಪಾಗಿ ಬರುತ್ತವೆ. ಅದು ಹೊಳಪಾಗುತ್ತದೆ ಎಂಬ ದೂರು ನಿಜ, ಆದರೆ ಆ ಹೊಳಪು ಜಿಡ್ಡಲ್ಲ, ತೊಳೆದರೆ ಹೋಗುವುದಿಲ್ಲ. ಮೇಲಿನ ಸಣ್ಣ ತರಿ ಬೆರಳಿಗೆ ಉಜ್ಜಿ ಉಜ್ಜಿ ನುಣುಪಾಗಿರುವುದು. ಪಿಬಿಟಿಯೂ ನುಣುಪಾಗುತ್ತದೆ, ನಿಧಾನವಾಗಿ.

ಬೆಳಕೇ ಮುಖ್ಯವೆನ್ನುವವರಿಗೆ ಪುಡಿಂಗ್ ಕ್ಯಾಪ್ ಎಂಬ ಬಗೆಯೂ ಇದೆ. ಮೇಲ್ಭಾಗ ಕಪ್ಪು, ನಾಲ್ಕು ಪಕ್ಕಗಳೂ ಅರೆಪಾರದರ್ಶಕ. ಇಡೀ ಕೀಲಿಮಣೆ ಬೆಳಗುತ್ತದೆ.

ಬೆರಳಚ್ಚುಗಾತಿ

ಪಕ್ಕದಲ್ಲಿ ಮಲಗಿದವರೂ ಬೆಳಗುತ್ತಾರೆ.

ಬಣ್ಣದಬೆಳಕು

ಬೆಳಕಿನ ಮಟ್ಟ ಇಳಿಸುವ ಕೀಲಿ ಅದಕ್ಕೇ ಇರುವುದು. ತಮಾಷೆ ಬಿಟ್ಟು ಹೇಳುವುದಾದರೆ ರಾತ್ರಿಪಾಳಿಯವರಿಗೆ ಪುಡಿಂಗ್ ನಾನೂ ಹೇಳುವುದಿಲ್ಲ. ಪಕ್ಕದ ಬೆಳಕು ನೇರ ಕಣ್ಣಿಗೆ ಹೊಡೆದು ಅಕ್ಷರವೇ ಮಂಕಾಗಿ ಕಾಣುತ್ತದೆ.

ಕೀಲಿಕೈ

ಎಲ್‌ಇಡಿ ದಿಕ್ಕಿನ ಬಗ್ಗೆ ಯಾರೂ ಕೇಳಲಿಲ್ಲ, ಆದರೆ ಈ ಚರ್ಚೆಯಲ್ಲಿ ಅದೇ ಅತಿ ಮುಖ್ಯ ಎಂದು ನನ್ನ ಹಟ. ಹಾಗಾಗಿ ಕೇಳದಿದ್ದರೂ ಹೇಳುತ್ತೇನೆ.

ಚೆರ್ರಿ ಎಂಎಕ್ಸ್ ಮಾದರಿಯ ಸ್ವಿಚ್ಚಿನ ನಟ್ಟನಡುವೆ ಕೂಡಿಸುವ ಗುರುತಿನ ಆಕಾರದ ಕಾಂಡ ಇರುತ್ತದೆ. ಅಲ್ಲಿ ಎಲ್‌ಇಡಿಗೆ ಜಾಗವಿಲ್ಲ. ಆದ್ದರಿಂದ ಅದು ಒಂದು ಪಕ್ಕಕ್ಕೆ ಕೂರುತ್ತದೆ. ಪರದೆಯ ಕಡೆಗೆ ಕೂತರೆ ‘ಉತ್ತರಮುಖಿ’, ನಿಮ್ಮ ಹೊಟ್ಟೆಯ ಕಡೆಗೆ ಕೂತರೆ ‘ದಕ್ಷಿಣಮುಖಿ’ ಎನ್ನುತ್ತಾರೆ. ಬೆಳಕಿನ ಕ್ಯಾಪ್‌ಗಳಲ್ಲಿ ಅಕ್ಷರ ಸಾಮಾನ್ಯವಾಗಿ ಮೇಲಿನ ಅರ್ಧದಲ್ಲಿರುವುದನ್ನು ನೋಡಿದ್ದೀರಲ್ಲ, ಕಾರಣ ಇದೇ. ಉತ್ತರಮುಖಿ ಎಲ್‌ಇಡಿಯ ನೆತ್ತಿಯ ಮೇಲೆ ಅಕ್ಷರ. ಅಂಕಿಯ ಸಾಲಿನಲ್ಲಿ 1 ಮತ್ತು ಆಶ್ಚರ್ಯಸೂಚಕ ಒಂದರ ಕೆಳಗೊಂದು ಇರುವ ಬದಲು ಪಕ್ಕಪಕ್ಕ ಇರುವುದೂ ಅದಕ್ಕೇ. ಒಂದರ ಕೆಳಗೊಂದು ಇಟ್ಟ ಕ್ಯಾಪ್‌ಗಳಲ್ಲಿ ಮೇಲಿನದು ಬೆಳಗುತ್ತದೆ, ಕೆಳಗಿನದಕ್ಕೆ ಕಾಂಡದ ನೆರಳು ಬೀಳುತ್ತದೆ.

ಹಾಗಾದರೆ ದಕ್ಷಿಣಮುಖಿ ಏಕೆ ಬಂತು? ಬಿಡಿಯಾಗಿ ಮಾರುವ ಒಳ್ಳೆಯ ಕ್ಯಾಪ್‌ಗಳಲ್ಲಿ ಬಹಳಷ್ಟು ಚೆರ್ರಿ ಎತ್ತರದವು, ಅಂದರೆ ಸಾಮಾನ್ಯವಾಗಿ ಕೀಲಿಮಣೆಯ ಜೊತೆ ಬರುವ ಓಇಎಂ ಎತ್ತರಕ್ಕಿಂತ ಕುಳ್ಳು. ಸ್ವಿಚ್ಚನ್ನು ಉತ್ತರಕ್ಕೆ ತಿರುಗಿಸಿ ಕೂರಿಸಿದಾಗ ಅದರ ಮೇಲಂಚು ಇಂಥ ಕ್ಯಾಪ್‌ನ ಒಳಗೋಡೆಗೆ ಬಡಿಯುವುದುಂಟು, ಮುಖ್ಯವಾಗಿ ಎ, ಎಸ್, ಡಿ ಇರುವ ನಡುಸಾಲಿನಲ್ಲಿ. ಕೀಲಿ ತಳ ಮುಟ್ಟುವ ಮೊದಲೇ ತಡೆದಂತಾಗಿ ಸದ್ದು ಬೇರೆಯಾಗುತ್ತದೆ. ದಕ್ಷಿಣಕ್ಕೆ ತಿರುಗಿಸಿದರೆ ಆ ತೊಂದರೆ ಇಲ್ಲ. ಆದರೆ ಅಕ್ಷರದ ಕಡೆಗೆ ಬೆಳಕು ಕಡಿಮೆ.

ಈಗ ನಿಮ್ಮ ಮೂರು ಆಯ್ಕೆಗಳಿಗೆ ಬನ್ನಿ. ಮೂರನೆಯದು ಸಂದಿಯಲ್ಲಿ ಮಾತ್ರ ಬೆಳಗುತ್ತದೆ ಎಂದರೆ ಅದು ಹೆಚ್ಚುಕಡಿಮೆ ದಕ್ಷಿಣಮುಖಿಯೇ ಇರಬೇಕು. ಅದನ್ನು ಕೊಂಡು ನಾಳೆ ಬೆಳಕಿನ ಕ್ಯಾಪ್ ಹಾಕಿಕೊಳ್ಳುತ್ತೇನೆ ಎಂದರೆ ಮಬ್ಬು ಅಕ್ಷರಗಳು ಸಿಗುತ್ತವೆ. ಎರಡನೆಯದರ ದಿಕ್ಕು ಯಾವುದು ಎಂದು ಕ್ಯಾಪ್ ಕಿತ್ತಾಗ ನೋಡಿದಿರಾ?

ರಾತ್ರಿಪಾಳಿ

ನೋಡಿದೆ. ಎಲ್‌ಇಡಿ ಪರದೆಯ ಕಡೆ. ಸ್ವಿಚ್ಚಿನ ಮೇಲ್ಮುಚ್ಚಳ ಪಾರದರ್ಶಕ.

ಕೀಲಿಕೈ

ಹಾಗಾದರೆ ನಿಮ್ಮ ಕೆಲಸಕ್ಕೆ ಅದೇ ಸರಿ. ಮುಚ್ಚಳ ಪಾರದರ್ಶಕವಾಗಿರುವುದೂ ಒಳ್ಳೆಯದು, ಕಪ್ಪು ಮುಚ್ಚಳ ಬೆಳಕು ನುಂಗುತ್ತದೆ.

ಅಚ್ಚುಮನೆ

‘ಬದಲಾಯಿಸಲಾಗದ್ದಕ್ಕೆ ಮೊದಲು ಹಣ’ ಎಂಬ ಕೀಲಿಕೈಯವರ ಮಾತಿಗೆ ನನ್ನ ತಕರಾರಿದೆ. ಬೆಳಕಿಲ್ಲದ ಕೀಲಿಮಣೆಗೆ ಅದು ಸರಿ, ಬಿಡಿ ಕ್ಯಾಪ್‌ಗಳು ಬೇಕಾದಷ್ಟು ಸಿಗುತ್ತವೆ. ಅಕ್ಷರ ಬೆಳಗಲೇಬೇಕು ಎಂದ ಕೂಡಲೇ ಆಯ್ಕೆ ಕಿರಿದಾಗುತ್ತದೆ. ಬಿಡಿ ಸೆಟ್‌ಗಳಲ್ಲಿ ಹೆಚ್ಚಿನವು ಬೆಳಕು ಹಾಯದವು. ಹಾಯುವವುಗಳಲ್ಲಿ ಬಹುಪಾಲು, ನಿಮ್ಮ ಕೀಲಿಮಣೆಯ ಜೊತೆ ಬಂದದ್ದಕ್ಕಿಂತ ಬೇರೆಯೇನಲ್ಲ, ಬೇರೆ ಪೆಟ್ಟಿಗೆಯಲ್ಲಿ ಬರುತ್ತವೆ ಅಷ್ಟೇ. ನಿಜವಾಗಿ ದಪ್ಪನೆಯ, ಅಕ್ಷರ ತುಂಡಾಗದ, ಸ್ಪೇಸ್‌ಬಾರ್ ನೆಟ್ಟಗಿರುವ ಬೆಳಕಿನ ಸೆಟ್ ಹುಡುಕಿ ಕೊಳ್ಳಹೊರಟರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಆದ್ದರಿಂದ ಬೆಳಕು ಬೇಕಾದವರು ಪೆಟ್ಟಿಗೆಯೊಳಗೆ ಬರುವ ಕ್ಯಾಪ್‌ಗೇ ಬೆಲೆ ಕಟ್ಟಬೇಕು.

ಕೀಲಿಕೈ

ಕ್ಯಾಪ್ ಚೆನ್ನಾಗಿದೆ ಎಂದು ಸ್ಟೆಬಿಲೈಸರ್, ಅಂದರೆ ಉದ್ದ ಕೀಲಿಗಳನ್ನು ಓರೆಯಾಗದಂತೆ ಹಿಡಿಯುವ ತಂತಿಯ ಜೋಡಣೆ, ಗಡಗಡ ಎನ್ನುವ ಕೀಲಿಮಣೆ ತಂದರೆ? ಸ್ಪೇಸ್‌ಬಾರ್ ಒತ್ತಿದಾಗಲೆಲ್ಲ ತಗಡಿನ ಡಬ್ಬಿ ಅಲ್ಲಾಡಿಸಿದ ಸದ್ದು. ಕತ್ತಲಲ್ಲಿ ಅಕ್ಷರ ಕಾಣುತ್ತದೆ, ಮಲಗಿದವರು ಸದ್ದಿಗೇ ಏಳುತ್ತಾರೆ.

ಅಚ್ಚುಮನೆ

ಸ್ಟೆಬಿಲೈಸರ್ ಸರಿಪಡಿಸಲು ಒಂದು ಚೂರು ಗ್ರೀಸ್ ಸಾಕು. ನೀವೇ ಎಷ್ಟು ಜನರಿಗೆ ಹೇಳಿಕೊಟ್ಟಿದ್ದೀರಿ! ತುಂಡಾದ ಅಕ್ಷರಕ್ಕೆ, ಸುಲಿದುಹೋದ ಬಣ್ಣಕ್ಕೆ ಯಾವ ಗ್ರೀಸ್ ಹಚ್ಚುತ್ತೀರಿ?

ಕೀಲಿಕೈ

ಸರಿ, ಗ್ರೀಸ್‌ನ ವಿಷಯದಲ್ಲಿ ಸೋತೆ. ಎಲ್‌ಇಡಿ ದಿಕ್ಕು ಮತ್ತು ಕೀಲಿಯ ಅಳತೆಯ ವಿಷಯದಲ್ಲಿ ಸೋಲುವುದಿಲ್ಲ.

ಅಳತೆಯ ಬಗ್ಗೆ ಆಗ ಅರ್ಧಕ್ಕೆ ಬಿಟ್ಟಿದ್ದೆ. ಅಕ್ಷರದ ಒಂದು ಕೀಲಿಯ ಜಾಗ 19.05 ಮಿ.ಮೀ., ಅದನ್ನೇ ಒಂದು ಯೂನಿಟ್ ಎನ್ನುತ್ತಾರೆ. ಕೆಳಗಿನ ಸಾಲಿನಲ್ಲಿ 1.25 ಯೂನಿಟ್‌ನ ಏಳು ಕೀಲಿಗಳು, 6.25ರ ಒಂದು ಸ್ಪೇಸ್‌ಬಾರ್, ಒಟ್ಟು 15. ಇದು ಎಲ್ಲೆಡೆ ಸಿಗುವ ಅಳತೆ. ಹಿಂದೆ ಕೆಲವು ದೊಡ್ಡ ಗೇಮಿಂಗ್ ಕಂಪನಿಗಳು ಸ್ಪೇಸ್‌ಬಾರ್ ಅನ್ನು 6.5 ಅಥವಾ 6 ಯೂನಿಟ್ ಮಾಡಿ, ಅಕ್ಕಪಕ್ಕದ ಕೀಲಿಗಳನ್ನು ಹಿಗ್ಗಿಸಿ ಕುಗ್ಗಿಸಿ ಇಟ್ಟಿದ್ದವು. ಅಂಥದ್ದಕ್ಕೆ ಒಂದು ಕ್ಯಾಪ್ ಮುರಿದರೂ ಹೊರಗೆ ಜೋಡಿ ಸಿಗುವುದು ಕಷ್ಟ. ಸಣ್ಣ ಕೀಲಿಮಣೆಗಳಲ್ಲಿ ಬಲ ಶಿಫ್ಟ್ 1.75 ಯೂನಿಟ್ ಆಗಿರುತ್ತದೆ, ಕೆಳಸಾಲಿನ ಬಲಗಡೆ ಒಂದೊಂದು ಯೂನಿಟ್‌ನ ಕೀಲಿಗಳಿರುತ್ತವೆ. ಸಾಮಾನ್ಯ 104 ಕೀಲಿಯ ಸೆಟ್‌ನಲ್ಲಿ ಇವು ಬರುವುದಿಲ್ಲ.

ಸುಮ್ಮನೆ_ಓದುವವ

ಬಹಳ ದಿನಗಳಿಂದ ಓದುತ್ತೇನೆ, ಬರೆಯುವುದು ಕಡಿಮೆ. ನನ್ನದು ಎತ್ತರದ ಎಂಟರ್ ಇರುವ ಐಎಸ್‌ಒ ವಿನ್ಯಾಸ. ನೋಡಿದಲ್ಲೆಲ್ಲ ಅಮೆರಿಕನ್ ವಿನ್ಯಾಸಕ್ಕೆ ಡಬಲ್‌ಶಾಟ್, ನಮ್ಮದಕ್ಕೆ ಅದೇ ಬೆಲೆಗೆ ಬಣ್ಣ ಹೊಡೆದ ಲೇಸರ್ ಕ್ಯಾಪ್. ಇದೇನು ತಾರತಮ್ಯ?

ಅಚ್ಚುಮನೆ

ಇದಕ್ಕೆ ಅಚ್ಚೇ ಕಾರಣ. ಡಬಲ್‌ಶಾಟ್‌ನಲ್ಲಿ ಪ್ರತಿ ಅಕ್ಷರಕ್ಕೂ ಉಕ್ಕಿನಲ್ಲಿ ಬೇರೆ ಅಚ್ಚು ಕೊರೆಯಬೇಕು. ಒಂದು ಭಾಷೆಯಲ್ಲಿ ಹತ್ತು ಹದಿನೈದು ಕೀಲಿಗಳ ಚಿಹ್ನೆ ಬೇರೆಯಾದರೆ ಅಷ್ಟೂ ಹೊಸ ಅಚ್ಚು. ಕಡಿಮೆ ಮಾರಾಟವಾಗುವ ವಿನ್ಯಾಸಕ್ಕೆ ಆ ಖರ್ಚು ಹುಟ್ಟುವುದಿಲ್ಲ. ಲೇಸರ್‌ಗೆ ಆ ಹಂಗಿಲ್ಲ. ಖಾಲಿ ಕ್ಯಾಪ್‌ಗಳನ್ನು ರಾಶಿ ಹಾಕಿಟ್ಟುಕೊಂಡು, ಕಂಪ್ಯೂಟರ್‌ನಲ್ಲಿ ಚಿತ್ರ ಬದಲಿಸಿದರೆ ಯಾವ ಲಿಪಿಯಾದರೂ ಆಯಿತು. ನೀವು ಕೊಳ್ಳುವಾಗ ಒಂದನ್ನು ಗಮನಿಸಿ: ಒಂದೇ ಮಾದರಿಯ ವಿಮರ್ಶೆಯಲ್ಲಿ ಡಬಲ್‌ಶಾಟ್ ಎಂದು ಹೊಗಳಿದ್ದರೂ ನಿಮ್ಮ ವಿನ್ಯಾಸಕ್ಕೆ ಅದು ಅನ್ವಯಿಸದಿರಬಹುದು.

ಲೇಸರ್‌ನವೂ ಎಲ್ಲ ಒಂದೇ ಅಲ್ಲ. ಬಣ್ಣದ ಮೇಲೆ ಗಟ್ಟಿ ಪಾರದರ್ಶಕ ಲೇಪ ಕೊಟ್ಟವು ಹೆಚ್ಚು ತಾಳುತ್ತವೆ. ಅವುಗಳ ಅಕ್ಷರದ ಅಂಚೂ ಡಬಲ್‌ಶಾಟ್‌ಗಿಂತ ನಯವಾಗಿ, ಸಣ್ಣ ಚಿಹ್ನೆಗಳೂ ಸ್ಪಷ್ಟವಾಗಿ ಇರುತ್ತವೆ. ಸ್ವಚ್ಛ ಮಾಡುವಾಗ ಸ್ಪಿರಿಟ್ ಹಾಕಿ ತಿಕ್ಕಬೇಡಿ, ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ದ್ರವ ಸಾಕು.

ಬೆರಳಚ್ಚುಗಾತಿ

ಕ್ಯಾಪ್ ಕೀಳುವ ಸಾಧನದ ಬಗ್ಗೆಯೂ ಒಂದು ಮಾತು. ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ ಉಂಗುರದಂಥದ್ದು ಕ್ಯಾಪ್‌ನ ಪಕ್ಕಗಳನ್ನು ಗೀರುತ್ತದೆ, ಬಣ್ಣ ಹೊಡೆದದ್ದಾದರೆ ಬೆಳಕು ಅಲ್ಲಿಂದಲೇ ಸೋರಲು ಶುರು. ತಂತಿಯದ್ದನ್ನು ತರಿಸಿಕೊಳ್ಳಿ.

ರಾತ್ರಿಪಾಳಿ

ಎಲ್ಲರ ಮಾತು ಕೇಳಿ ಎರಡನೆಯದನ್ನೇ ತಂದೆ. ನೋಡಿದ್ದನ್ನು ಹೇಳಿಬಿಡುತ್ತೇನೆ.

ಎ, ಬಿ, ಓ ಅಖಂಡವಾಗಿವೆ. 8 ಕೂಡ ತುಂಡಾಗಿಲ್ಲ, ಅನುಮಾನಪಟ್ಟವರು ಕ್ಷಮಿಸಬೇಕು. ಬೆಳಕು ಹಳೆಯದಕ್ಕಿಂತ ಎದ್ದು ಕಾಣುವಷ್ಟು ಕಡಿಮೆ, ಆದರೆ ಅಕ್ಷರದೊಳಗೆ ಒಂದೇ ಸಮ ಹರಡಿದೆ, ಕತ್ತಲಲ್ಲಿ ಅರ್ಧ ಮಟ್ಟಕ್ಕಿಟ್ಟರೂ ಸಾಕಾಗುತ್ತದೆ. ‘ಬ್ಯಾಕ್‌ಸ್ಪೇಸ್’ನಂಥ ಉದ್ದ ಪದಗಳಲ್ಲಿ ನಡುವೆ ಪ್ರಕಾಶ, ಎರಡು ತುದಿಗಳಲ್ಲಿ ಮಂಕು. ಹಗಲಲ್ಲಿ ಬೆಳಕು ಆರಿಸಿದರೆ ಅಕ್ಷರಗಳು ಬೂದುಬಣ್ಣಕ್ಕೆ ತಿರುಗಿ ಸ್ವಲ್ಪ ಸತ್ತಂತೆ ಕಾಣುತ್ತವೆ, ಇದನ್ನು ಯಾರೂ ಹೇಳಿರಲಿಲ್ಲ. ಸದ್ದು ಹಳೆಯದಕ್ಕಿಂತ ತಗ್ಗು, ತೆಳು ಕ್ಯಾಪ್‌ನ ಕಟಕಟ ಇಲ್ಲ.

ಒಂದೇ ದೂರು. ಸ್ಪೇಸ್‌ಬಾರ್ ಮುಟ್ಟಿದರೆ ಉಳಿದ ಕೀಲಿಗಳಿಗಿಂತ ನುಣುಪು, ಮತ್ತು ಬಲತುದಿಯಲ್ಲಿ ಒತ್ತಿದಾಗ ತುಸು ಅಲುಗುತ್ತದೆ. ಇದು ಬಾಗಿರುವುದೇ, ಸ್ಟೆಬಿಲೈಸರ್‌ನ ತಪ್ಪೇ?

ಅಚ್ಚುಮನೆ

ಹಗಲಿನ ಬೂದು ಬಣ್ಣ ಈ ಜಾತಿಯ ಕ್ಯಾಪ್‌ಗಳ ಹುಟ್ಟುಗುಣ. ಬೆಳಕು ಹಾಯಲಿ ಎಂದು ಅಕ್ಷರದ ಪ್ಲಾಸ್ಟಿಕ್ಕಿಗೆ ಬಿಳಿ ಬಣ್ಣ ಕಡಿಮೆ ಹಾಕುತ್ತಾರೆ. ಹೆಚ್ಚು ಹಾಕಿದರೆ ಹಗಲಲ್ಲಿ ಅಚ್ಚ ಬಿಳಿ, ರಾತ್ರಿ ಕುರುಡು.

ನುಣುಪಾಗಿದೆ ಎಂದರೆ ನಿಮ್ಮ ಸ್ಪೇಸ್‌ಬಾರ್ ಎಬಿಎಸ್‌ನದು ಇರಬೇಕು. ಪಿಬಿಟಿ ಸೆಟ್‌ಗಳಲ್ಲಿ ಅದೊಂದನ್ನು ಎಬಿಎಸ್‌ನಲ್ಲಿ ಮಾಡುವವರಿದ್ದಾರೆ, ಮೊದಲೇ ಹೇಳಿದ ಕುಗ್ಗುವ ಕಾಟಕ್ಕೆ ಹೆದರಿ. ಹಾಗಾಗಿ ಬಾಗಿರುವ ಸಾಧ್ಯತೆ ಕಡಿಮೆ, ಆದರೂ ಪರೀಕ್ಷಿಸಿ. ಕಿತ್ತು ಕನ್ನಡಿಯ ಮೇಲೆ ನೆಟ್ಟಗಿಟ್ಟು ಒಂದೊಂದು ಮೂಲೆ ಒತ್ತಿ. ನಾಲ್ಕೂ ಮೂಲೆ ಕೂತರೆ ಕ್ಯಾಪ್ ಸರಿ ಇದೆ. ಒಂದು ಮೂಲೆ ಏಳುತ್ತಿದ್ದರೆ ಬಾಗಿದೆ, ಮಾರಿದವರಿಗೆ ಹಿಂದಿರುಗಿಸಿ. ಬಿಸಿನೀರಿನಲ್ಲಿ ಅದ್ದಿ ನೆಟ್ಟಗೆ ಮಾಡುವ ಉಪಾಯ ಹೇಳುವವರು ಸಿಗುತ್ತಾರೆ, ಖಾತರಿ ಇರುವಾಗ ಅದಕ್ಕೆ ಕೈ ಹಾಕಬೇಡಿ.

ಕೀಲಿಕೈ

ಕನ್ನಡಿಯ ಮೇಲೆ ಕೂತರೆ ಸ್ಟೆಬಿಲೈಸರ್‌ನ ತಂತಿ ನೋಡಿ. ಬಲಗಡೆಯ ಕೊಕ್ಕೆ ತನ್ನ ಗೂಡಿನಲ್ಲಿ ಪೂರ್ತಿ ಕೂತಿರದಿದ್ದರೆ ಹೀಗೇ ಅಲುಗುತ್ತದೆ. ಬೆರಳಿನಿಂದ ಒತ್ತಿದರೆ ಟಪ್ ಎಂದು ಕೂರಬೇಕು. ಕೂತ ಮೇಲೂ ಗಡಗಡ ಎಂದರೆ ಅಚ್ಚುಮನೆಯವರ ಗ್ರೀಸ್ ಇದ್ದೇ ಇದೆ, ತಂತಿ ಬಾಗುವ ಎರಡು ತುದಿಗಳಿಗೆ ಮಾತ್ರ, ತೆಳುವಾಗಿ.

ರಾತ್ರಿಪಾಳಿ

ಕನ್ನಡಿಯ ಮೇಲೆ ನಾಲ್ಕೂ ಮೂಲೆ ಕೂತವು. ಬಲಗಡೆಯ ಕೊಕ್ಕೆಯೇ ಹೊರಗೆ ಬಂದಿತ್ತು, ಒತ್ತಿದೆ, ಕೂತಿತು. ಅಲುಗಾಟ ಹೋಯಿತು. ಗ್ರೀಸ್ ಸದ್ಯಕ್ಕೆ ಬೇಡ.

ಸುಮ್ಮನೆ_ಓದುವವ

ಕೊನೆಯದಾಗಿ ಒಂದು. ಐಎಸ್‌ಒ ಕೀಲಿಮಣೆಗೆ ಅಮೆರಿಕನ್ ವಿನ್ಯಾಸದ ಡಬಲ್‌ಶಾಟ್ ಸೆಟ್ ಕೊಂಡು, ಬೇರೆಯಾದ ಕೀಲಿಗಳಿಗೆ ಮಾತ್ರ ಹಳೆಯ ಕ್ಯಾಪ್ ಉಳಿಸಿಕೊಳ್ಳಬಹುದೇ?

ಕೀಲಿಕೈ

ಆಗುತ್ತದೆ. ಎಂಟರ್, 1.25 ಯೂನಿಟ್‌ನ ಎಡ ಶಿಫ್ಟ್, ಅದರ ಪಕ್ಕದ ಹೆಚ್ಚುವರಿ ಕೀಲಿ, ಎಂಟರ್‌ಗೆ ಅಂಟಿಕೊಂಡಿರುವ ಇನ್ನೊಂದು ಒಂದು ಯೂನಿಟ್‌ನ ಕೀಲಿ, ಇವು ನಾಲ್ಕನ್ನು ಉಳಿಸಿಕೊಳ್ಳಿ. ನಿಮ್ಮ ಭಾಷೆಯ ವಿಶೇಷ ಚಿಹ್ನೆಗಳಿರುವ ಕೀಲಿಗಳಿದ್ದರೆ ಅವನ್ನೂ. ಆದರೆ ಎರಡು ಸೆಟ್‌ಗಳೂ ಓಇಎಂ ಎತ್ತರದವೇ ಎಂದು ಮೊದಲು ಖಚಿತಪಡಿಸಿಕೊಳ್ಳಿ, ಇಲ್ಲವಾದರೆ ಎಂಟರ್ ಒಂದು ಮೆಟ್ಟಿಲು ಮೇಲೆ ನಿಂತಿರುತ್ತದೆ.